ಬಟ್ಟೆ ಒಗೆಯುವವಳ ರೋಮನ್ ಹರಳು

ನಮ್ಮಪ್ಪ ಬೆಂಗಳೂರಿನ ನಗರತಪೇಟೆಯಲ್ಲಿ ಒಡವೆಗಳಿಗೆ ಹರಳು ಕೂರಿಸುತ್ತಿದ್ದರು. ಇಬ್ಬರು ಅಣ್ಣಂದಿರು ಆ ಕೆಲಸವೆಂದರೆ ಮೂಗು ಮುರಿದು ಬ್ಯಾಂಕು, ಕಚೇರಿ ಎಂದು ಹೋದರು. ಅಂಗಡಿಯ ಚಾಪೆಯ ಮೇಲೆ ಅಪ್ಪನ ಎದುರು ಕೂತು ಕೆಲಸ ಕಲಿತವಳು ನಾನು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಬಂದುಹೋಗುವವರು ಕೇಳಿದರೆ, ಅವಳ ಕೈ ನಡುಗುವುದಿಲ್ಲ, ನಿಮ್ಮದು ತೋರಿಸಿ ನೋಡೋಣ ಎನ್ನುತ್ತಿದ್ದರು ಅಪ್ಪ. ಜಂಬವೆಂದರೆ ಜಂಬ ಅಂದುಕೊಳ್ಳಿ, ನನ್ನ ಕೈ ಇವತ್ತಿಗೂ ನಡುಗುವುದಿಲ್ಲ.

ಆದರೆ ಐರ್ಲೆಂಡಿಗೆ ಬಂದು ಹದಿನಾಲ್ಕು ವರ್ಷವಾದರೂ ಇಲ್ಲಿ ನಾನು ಡಾಕ್ಟರ ಹೆಂಡತಿ, ಅಷ್ಟೆ. ಮೈಸೂರಿನಲ್ಲಿ ಓದಿದ ನನ್ನ ಗಂಡ ಕಾರ್ಕಿನ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರು. ನಾವಿರುವುದು ಬ್ಯಾಲಿನ್‌ಕೊಲಿಗ್‌ನಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ. ನಮ್ಮಲ್ಲಿಗೆ ಊಟಕ್ಕೆ ಬಂದವರು ನನ್ನ ಗಂಡನ ಡ್ಯೂಟಿಯ ಬಗ್ಗೆ ಕೇಳುತ್ತಾರೆ, ಮಗಳ ಓದಿನ ಬಗ್ಗೆ ಕೇಳುತ್ತಾರೆ, ನನ್ನ ಹತ್ತಿರ ಬಂದಾಗ ಸಾರಿನ ಪುಡಿಯ ಅಳತೆ ಕೇಳುತ್ತಾರೆ. ಕೊಡುತ್ತೇನೆ, ಕೊಡದೆ ಏನು. ಆದರೆ ಒಳಗೆ ಸ್ವಲ್ಪ ಉರಿಯುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ರಿಟೈರಾದ ಒಬ್ಬ ಟೀಚರು ಇದ್ದರು. ಎಂಬತ್ತೊಂದು ವರ್ಷ, ಮದುವೆಯಾದವರಲ್ಲ, ಊರಿನ ಅರ್ಧ ಜನಕ್ಕೆ ಅ ಆ ತಿದ್ದಿಸಿದವರು. ಕೊರೊನಾ ಬಂದ ಮೊದಲ ವಸಂತದಲ್ಲಿ ಎಪ್ಪತ್ತು ದಾಟಿದವರು ಹೊಸಿಲು ದಾಟಬಾರದು ಎಂದು ಸರ್ಕಾರ ಹೇಳಿತು, ಮಿಕ್ಕವರಿಗೆ ಎರಡು ಕಿಲೋಮೀಟರ್ ಬಿಟ್ಟುಕೊಟ್ಟಿತು. ಹಾಗಾಗಿ ಟೀಚರ ಹಾಲು, ಬ್ರೆಡ್ಡು, ಔಷಧಿ ಎಲ್ಲ ನನ್ನ ಪಾಲಿಗೆ ಬಂತು. ಹಿತ್ತಲಿನಲ್ಲಿ ನಮ್ಮಿಬ್ಬರ ಮಧ್ಯೆ ಎದೆಯೆತ್ತರದ ಒಂದು ಇಟ್ಟಿಗೆ ಗೋಡೆ. ನಾನು ಅದರ ಮೇಲೆ ಸಾಮಾನು ಇಟ್ಟು ಆರು ಹೆಜ್ಜೆ ಹಿಂದೆ ಬರುತ್ತಿದ್ದೆ, ಅವರು ಬಂದು ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಉಪ್ಪಿಟ್ಟು ಕೊಟ್ಟೆ. ಡಬ್ಬಿ ತೊಳೆದು ವಾಪಸ್ಸು ಇಡುವಾಗ, ಗ್ರ್ಯಾಂಡ್ ಆಗಿತ್ತು, ಆದರೆ ಮತ್ತೆ ತೊಂದರೆ ತೆಗೆದುಕೊಳ್ಳಬೇಡ ಎಂದರು. ಟೀಚರ ಮರ್ಯಾದೆಯೇ ಹಾಗೆ, ಬೇಡ ಅನ್ನುವುದನ್ನೂ ಸಕ್ಕರೆ ಹಾಕಿ ಹೇಳುವುದು.

ಮೇ ತಿಂಗಳ ಒಂದು ಬೆಳಗ್ಗೆ ನಾನು ಬ್ರೆಡ್ಡು ಇಡಲು ಹೋದರೆ ಟೀಚರು ಗೋಡೆಯ ಆಚೆ ಆಗಲೇ ನಿಂತಿದ್ದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೈ ಹುಷಾರಿಲ್ಲವಾ ಎಂದೆ. ಕೈಯಲ್ಲಿದ್ದ ಒಂದು ಕಾಗದವನ್ನು ಗೋಡೆಯ ಮೇಲಿಟ್ಟು, ಕಲ್ಲು ಹೇರಿ, ಹಿಂದೆ ಸರಿದರು. ಓದು ಎಂದರು. ಓದಿದೆ.

ಅದು ಒಂದು ಮ್ಯೂಸಿಯಂನಿಂದ ಬಂದ ಪತ್ರ. ಇಲ್ಲಿಂದ ಅಷ್ಟೇನೂ ದೂರವಲ್ಲದ ಒಂದು ದೊಡ್ಡ ಬಂಗಲೆಯಲ್ಲಿ ಹಿಂದೆ ರೋಮನ್ ಕಾಲದ ಕೆತ್ತಿದ ಹರಳುಗಳ ಸಂಗ್ರಹ ಇತ್ತಂತೆ. ಆ ಮನೆತನದವರು ಈಗ ಇಂಗ್ಲೆಂಡಿನಲ್ಲಿದ್ದಾರೆ, ಸಂಗ್ರಹ ಮ್ಯೂಸಿಯಂಗೆ ಬಂದಿದೆ, ಅದರ ಮೇಲೊಂದು ಪುಸ್ತಕ ತಯಾರಾಗುತ್ತಿದೆ. ಬಂಗಲೆಯ ಹಳೆಯ ಪಟ್ಟಿಯಲ್ಲಿ ಒಂದು ಹರಳಿನ ಮುಂದೆ ಹೀಗೆ ಬರೆದಿತ್ತು: ಕೆಂಪು ಕಲ್ಲು, ಧಾನ್ಯದ ದೇವಿಯ ಕೆತ್ತನೆ, ಒಡತಿಯ ಮುದ್ರೆಯುಂಗುರ, ಲಾಂಡ್ರಿ ಕೆಲಸದವಳು ಬಿಟ್ಟುಹೋದಾಗಿನಿಂದ ಕಾಣೆ. ಕೆಲಸದವಳ ಪೂರ್ತಿ ಹೆಸರನ್ನೂ ಬರೆದಿತ್ತು. ಆಕೆಯ ಮೊಮ್ಮಗಳು ನೀವೇ ಎಂದು ತಿಳಿಯಿತು, ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಬೇಸಿಗೆಯ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ಪತ್ರ ಮುಗಿದಿತ್ತು.

ಟೀಚರು ಒಳಗೆ ಹೋಗಿ ಟೀ ಪುಡಿಯ ಡಬ್ಬಿಯೊಂದನ್ನು ತಂದು ಅದರಿಂದ ಉಂಗುರ ತೆಗೆದು ತೋರಿಸಿದರು. ಆಮೇಲೆ ಹೇಳಿದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ನೂರು ವರ್ಷದ ಹಿಂದೆ ದೊಡ್ಡ ಜ್ವರ ಬಂದಾಗ ಬಂಗಲೆಯ ಆಳುಕಾಳುಗಳೆಲ್ಲ ಓಡಿಹೋದರು. ಒಡತಿ ಮಲಗಿದ್ದಳು. ಬಟ್ಟೆ ಒಗೆಯುವ ಹುಡುಗಿಯೊಬ್ಬಳು ಉಳಿದು ಹದಿನೆಂಟು ದಿನ ಅವಳ ಆರೈಕೆ ಮಾಡಿದಳು. ವಸಂತದಲ್ಲಿ ಮದುವೆಯಾಗಿ ಕೆಲಸ ಬಿಟ್ಟಳು. ಮರುವರ್ಷ ಮಗುವಾದಾಗ ಒಡತಿ ಹೆಸರಿಡುವ ದಿನಕ್ಕೆ ತನ್ನ ಬೆರಳಿನ ಉಂಗುರ ಕಳಿಸಿದಳು, ಜೊತೆಗೆ ಇದು ನನ್ನ ಉಡುಗೊರೆ ಎಂದು ತಾರೀಖು ಹಾಕಿದ ಎರಡು ಸಾಲಿನ ಚೀಟಿ. ಅದಾದ ಸ್ವಲ್ಪ ದಿನಕ್ಕೆ ಒಡತಿ ತೀರಿಕೊಂಡಳು. ಕೊಟ್ಟವಳು ಹೋದ ಮೇಲೆ ಬಂಗಲೆಯವರು ಪಟ್ಟಿ ಮಾಡಿದರು, ಕಾಣೆ ಎಂದು ಬರೆದರು, ಊರು ಅದನ್ನು ಕಳ್ಳಿ ಎಂದು ಓದಿಕೊಂಡಿತು. ಟೀಚರ ತಾಯಿಯನ್ನು ಶಾಲೆಯಲ್ಲಿ ಕಳ್ಳಿಯ ಮಗಳು ಎಂದರು. ಟೀಚರನ್ನೂ ಅಂದರಂತೆ.

"ಊರಿನ ಬಾಯಿ ಬಿಡು, ಅದು ಸತ್ತವರ ಜೊತೆ ಸಾಯತ್ತೆ," ಎಂದರು ಟೀಚರು. "ಪುಸ್ತಕ ಸಾಯಲ್ಲ. ಅದರಲ್ಲಿ ನಮ್ಮಜ್ಜಿ ಹೆಸರು ಕಳ್ಳಿ ಅಂತ ಹೋದ್ರೆ, ನಾನು ಯಾವ ಮುಖ ಇಟ್ಕೊಂಡು ಅವಳ ಪಕ್ಕ ಮಲಗಲಿ?"

ಅವರಿಗೆ ಸ್ಮಶಾನದಲ್ಲಿ ಅಜ್ಜಿಯ ಪಕ್ಕದಲ್ಲೇ ಜಾಗ ಇತ್ತು.

ಟೀಚರಿಗೆ ಕಂಪ್ಯೂಟರ್ ಆಗಿಬರುತ್ತಿರಲಿಲ್ಲ, ಹಾಗಾಗಿ ಪತ್ರವ್ಯವಹಾರ ನನ್ನ ಕೈಗೆ ಬಂತು. ಉಂಗುರವನ್ನು ಅವರು ತಮ್ಮ ಕಿಟಕಿಯ ಒಳಗಿನಿಂದ ಹಿಡಿದರು, ನಾನು ಹೊರಗಿನಿಂದ ಫೋಟೋ ತೆಗೆದು, ಚೀಟಿಯದ್ದೂ ತೆಗೆದು ಮ್ಯೂಸಿಯಂಗೆ ಕಳಿಸಿದೆ. ಆ ಕೆಲಸ ನೋಡಿಕೊಳ್ಳುತ್ತಿದ್ದವಳು ಮೂವತ್ತರ ಆಸುಪಾಸಿನ ಒಬ್ಬ ಹುಡುಗಿ, ಅವಳೂ ಪಾಪ ಮನೆಯಲ್ಲೇ ಕೂತು ಅಡುಗೆಮನೆಯ ಮೇಜಿನ ಮೇಲೆ ಎರಡು ಸಾವಿರ ವರ್ಷ ಹರಡಿಕೊಂಡಿದ್ದಳು. ಮೊದಲ ವಿಡಿಯೋ ಕಾಲ್‌ನಲ್ಲಿ ಅವಳ ಕಣ್ಣು ಅರಳಿತ್ತು. ಹರಳು ಹುಣಸೆಬೀಜದಷ್ಟು, ಡಿಕಾಕ್ಷನ್ನನ್ನು ಬೆಳಕಿಗೆ ಹಿಡಿದ ಬಣ್ಣ. ಅದರಲ್ಲಿ ತೆನೆ ಹಿಡಿದು ನಿಂತ ಹೆಂಗಸು, ಸೆರಗಿನ ನೆರಿಗೆಗಳನ್ನು ಎಣಿಸಬಹುದು. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ಕೆಲಸ ತೆಗೆದವನಿಗೆ ನಾನು ಕೂತಲ್ಲೇ ಕೈ ಮುಗಿದೆ. ಇಂಥ ಕೆಂಪು ಕಲ್ಲುಗಳು ಆಗ ಗುಜರಾತಿನ ಕಡೆಯಿಂದ ಹಡಗಿನಲ್ಲಿ ರೋಮಿಗೆ ಹೋಗುತ್ತಿದ್ದವು, ಇದೂ ನಿಮ್ಮ ದೇಶದ್ದೇ ಇರಬಹುದು ಎಂದಳು ಹುಡುಗಿ. ಕೇಳಿ ನನಗೆ ಕೋಡು ಮೂಡಿತು. ಸಂಜೆ ಗಂಡನಿಗೂ ಮಗಳಿಗೂ ಅದನ್ನು ಮೂರು ಸಲ ಹೇಳಿದೆ.

ಹರಳು ಯಾರ್ಯಾರ ಕೈ ದಾಟಿತು ಅನ್ನುವ ಪಟ್ಟಿಯನ್ನೂ ಅವಳು ಓದಿದಳು. ಮೊದಲು ಹೆಸರು ಗೊತ್ತಿಲ್ಲದ ಯಾರೋ ರೋಮನ್. ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಮಣ್ಣು. ದ್ರಾಕ್ಷಿ ತೋಟ ಅಗೆಯುವಾಗ ಸಿಕ್ಕಿತು. ಅಗೆದವನಿಂದ ಒಬ್ಬ ದೊಡ್ಡ ಧರ್ಮಗುರುವಿಗೆ, ಅವನ ನಂತರ ಊರು ಸುತ್ತಲು ಹೋಗಿದ್ದ ಬಂಗಲೆಯ ಸಾಹೇಬನಿಗೆ, ಅವನ ಮೊಮ್ಮಗನಿಗೆ, ಮೊಮ್ಮಗನ ಹೆಂಡತಿಗೆ. ನನಗೆ ಸಿಟ್ಟು ಬಂತು. ಧರ್ಮಗುರು ಆ ಅಗೆಯುವವನಿಗೆ ಏನು ಕೊಟ್ಟು ತೆಗೆದುಕೊಂಡ ಎಂದು ಯಾರೂ ಕೇಳಿಲ್ಲ. ಇಷ್ಟು ಉದ್ದದ ಸಾಲಿನಲ್ಲಿ ಸಾಕ್ಷಿ ತಾ ಎಂದು ಕೇಳಿದ್ದು ಬಟ್ಟೆ ಒಗೆಯುವವಳನ್ನು ಮಾತ್ರ. ಇದನ್ನು ನಾನು ಹುಡುಗಿಗೆ ಹೇಳಿಯೂ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ನಿಜ ಎಂದಳು, ಆದರೂ ಇಂಗ್ಲೆಂಡಿನಲ್ಲಿರುವ ಬಂಗಲೆಯ ಮನೆತನದವರು ಒಪ್ಪುವಂಥದ್ದು ಏನಾದರೂ ಬೇಕಲ್ಲ ಎಂದಳು.

ಅಂಥದ್ದೊಂದು ಅವಳ ಹತ್ತಿರವೇ ಇತ್ತು. ಒಡತಿಗೆ ಲಕೋಟೆಯ ಮೇಲೆ ಅರಗು ಸುರಿದು ಉಂಗುರದಿಂದ ಮುದ್ರೆ ಒತ್ತುವ ಹಳೆಯ ಶೋಕಿ. ಲಾಂಡ್ರಿಯವಳು ಕೆಲಸ ಬಿಟ್ಟು ಎಂಟು ತಿಂಗಳಾದ ಮೇಲೆ, ಕ್ರಿಸ್ಮಸ್ಸಿಗೆ, ಒಡತಿ ತನ್ನ ತಂಗಿಗೆ ಬರೆದ ಕಾಗದವೊಂದು ಸಿಕ್ಕಿತ್ತು, ಅದರ ಮೇಲೆ ಇದೇ ದೇವಿಯ ಮುದ್ರೆ. ಆ ಮುದ್ರೆ ಒತ್ತಿದ ಕಲ್ಲೂ ಟೀಚರ ಕಲ್ಲೂ ಒಂದೇ ಎಂದಾದರೆ, ಕೆಲಸ ಬಿಟ್ಟ ಮೇಲೂ ಉಂಗುರ ಒಡತಿಯ ಬೆರಳಲ್ಲೇ ಇತ್ತು ಎಂದಾಗುತ್ತದೆ. ಕದ್ದುಕೊಂಡು ಹೋದಳು ಅನ್ನುವ ಮಾತು ಅಲ್ಲಿಗೇ ಬೀಳುತ್ತದೆ. ಚೀಟಿಯ ತಾರೀಖಿಗೂ ಅದು ಸರಿಹೋಗುತ್ತದೆ.

ಆದರೆ ಅಲ್ಲೇ ಎಡವಟ್ಟಾಯಿತು. ಒಡತಿಯ ಮುದ್ರೆಗಳಲ್ಲೆಲ್ಲ ದೇವಿಯ ಪಾದದ ಹತ್ತಿರ, ಅಂಚಿನಲ್ಲಿ, ಸಾಸಿವೆಯಷ್ಟು ಒಂದು ಗುಬುಟು ಇತ್ತು. ಅಂದರೆ ಒಡತಿಯ ಕಲ್ಲಿನಲ್ಲಿ ಆ ಜಾಗದಲ್ಲಿ ಒಂದು ಚಕ್ಕೆ ಎದ್ದಿತ್ತು, ಮುದ್ರೆ ಒತ್ತಿದಾಗ ಅರಗು ಆ ಗುಳಿಯೊಳಗೆ ಹೋಗಿ ಉಬ್ಬಿ ಬಂದಿತ್ತು. ಟೀಚರ ಕಲ್ಲಿನ ಫೋಟೋದಲ್ಲಿ ಅಂಥ ಗುಳಿ ಇರಲಿಲ್ಲ. ಅಂಚು ಸುತ್ತಲೂ ನುಣ್ಣಗಿತ್ತು. ಬಂಗಲೆಯಲ್ಲಿ ಇದೇ ದೇವಿಯ ಕಲ್ಲುಗಳು ಬೇರೆಯೂ ಇದ್ದವು, ಅದರಲ್ಲೊಂದನ್ನು ಆಕೆ ಎತ್ತಿಕೊಂಡಿರಬೇಕು ಎಂದು ಇಂಗ್ಲೆಂಡಿನವರು ಬರೆದರು. ಚೀಟಿಯನ್ನು ಯಾರು ಬೇಕಾದರೂ ಬರೆಯಬಹುದು ಎಂದೂ ಸೇರಿಸಿದರು. ಹುಡುಗಿಗೆ ಅಷ್ಟಕ್ಕೇ ಕೈಬಿಡಲು ಮನಸ್ಸಾಗಲಿಲ್ಲ. ಇನ್ನೂ ಹತ್ತಿರದಿಂದ, ಭೂತಗನ್ನಡಿ ಇಟ್ಟು, ಓರೆಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ ಎಂದಳು.

ಅದಕ್ಕಾಗಿ ಉಂಗುರ ನನ್ನ ಮನೆಗೆ ಬರಬೇಕಾಯಿತು. ಟೀಚರು ಅದನ್ನು ಮೊಟ್ಟೆ ಇಡುವ ಬಟ್ಟಲಿನಲ್ಲಿ ಹಾಕಿ ಗೋಡೆಯ ಮೇಲಿಟ್ಟರು. ಅವರ ಕೈ ಬಟ್ಟಲನ್ನು ತಕ್ಷಣ ಬಿಡಲಿಲ್ಲ. ಜೋಪಾನ ಎಂದರು. ನಾನು ಹರಳು ಕೂರಿಸುವವರ ಮಗಳು, ಚಿಂತೆ ಬೇಡ ಎಂದೆ. ಎದೆಯುಬ್ಬಿಸಿಕೊಂಡೇ ಹೇಳಿದೆ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಆ ದಿನಗಳಲ್ಲಿ ಡಾಕ್ಟರ ಮನೆಯೊಳಗೆ ಹೊರಗಿನ ಒಂದು ಕಡ್ಡಿ ಬಂದರೂ ಅದಕ್ಕೆ ಸ್ನಾನ. ಬಾಗಿಲ ಬಳಿ ಐದು ಲೀಟರಿನ ಸ್ಯಾನಿಟೈಸರ್ ಕ್ಯಾನು. ಹಾಲಿನ ಡಬ್ಬಕ್ಕೆ, ಬೀಗದ ಕೈಗೆ, ಮಗಳ ಕನ್ನಡಕಕ್ಕೆ, ಕೊನೆಗೆ ಬಾಳೆಹಣ್ಣಿಗೂ ಹಚ್ಚಿ ಒರೆಸುತ್ತಿದ್ದೆ. ಕೈಗೆ ಅದೇ ಅಭ್ಯಾಸ. ಉಂಗುರವನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಮುಳುಗುವಷ್ಟು ಸ್ಯಾನಿಟೈಸರ್ ಸುರಿದು, ಚಪಾತಿ ಹಿಟ್ಟು ಕಲಸಲು ಹೋದೆ. ಮಧ್ಯೆ ಊರಿಂದ ಅಕ್ಕನ ಫೋನು. ಅದೂ ಇದೂ ಮಾತಾಡಿ ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಬಟ್ಟಲಲ್ಲಿ ಕೆಂಪು ನೀರು. ಬೆಳ್ಳಿಯ ಉಂಗುರ ಒಂದು ಕಡೆ, ಹರಳು ಒಂದು ಕಡೆ.

ಬಣ್ಣ ಬಿಟ್ಟಿತು, ಗಾಜು, ಟೀಚರ ಅಜ್ಜಿಯ ಕಲ್ಲು ಖೋಟಾ ಎಂದೇ ಮೊದಲು ಅನ್ನಿಸಿತು. ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಅದು ನನ್ನಪ್ಪನ ಅಂಗಡಿಯ ವಾಸನೆ. ಅರಗು. ಬಳೆ, ಬೆಂಡೋಲೆಗಳ ಹೊಟ್ಟೆಯಲ್ಲಿ ನಾವು ತುಂಬುತ್ತಿದ್ದುದು ಅದನ್ನೇ. ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಅಂಗಡಿಯೊಳಗೆ ಸ್ಪಿರಿಟ್ಟಿನ ಬಾಟಲಿ ತಂದ ಅಣ್ಣನನ್ನು ಅಪ್ಪ ಅಂಗಡಿಯ ಮೆಟ್ಟಿಲಿಳಿಸಿ ಕಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ, ನಾನಾಗ ಕಿಸಕ್ಕನೆ ನಕ್ಕಿದ್ದೆ. ಸ್ಯಾನಿಟೈಸರ್ ಅಂದರೆ ಮುಕ್ಕಾಲು ಪಾಲು ಸ್ಪಿರಿಟ್ಟು ಅಂತ ಗೊತ್ತಿಲ್ಲದವಳೇನೂ ಅಲ್ಲ. ಒಡತಿಯ ಉಂಗುರದ ಕಟ್ಟು ಹೊಸತರಲ್ಲೇ ಮುರಿದಾಗ ಆ ಬೆಳ್ಳಿ ಉಂಗುರ ಮಾಡಿ ಕಲ್ಲನ್ನು ಅರಗಿನಲ್ಲಿ ಕೂರಿಸಿದವರು ಟೀಚರ ಅಜ್ಜ, ಊರಿನ ತಗಡು ಕೆಲಸದವರು, ಅಂತ ಟೀಚರೇ ಹೇಳಿದ್ದರು. ನೂರು ವರ್ಷ ನಿಂತ ಅವರ ಕೆಲಸವನ್ನು ನಾನು ಎರಡು ಗಂಟೆಯಲ್ಲಿ ಕಳಚಿಹಾಕಿದೆ. ನಾಚಿಕೆಯಿಂದ ಅತ್ತುಬಿಟ್ಟೆ.

ಗಂಡ ಡ್ಯೂಟಿ ಮುಗಿಸಿ ಬಂದು ನೋಡಿದರು. ಮುಖದ ಮೇಲೆ ಮಾಸ್ಕಿನ ಗೆರೆ ಹಾಗೇ ಇತ್ತು, ಸುಸ್ತಾಗಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಸೂಪರ್ ಗ್ಲೂ ಇದೆ ಕಣೇ, ಒಂದು ತೊಟ್ಟು ಹಾಕು. ಗೊತ್ತೇ ಆಗಲ್ಲ."

ನಾನು ಅವರನ್ನು ನೋಡಿದ ನೋಟಕ್ಕೆ ಅವರು ಸ್ನಾನಕ್ಕೆ ಹೋದರು.

ಅಪ್ಪನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಕೆಲಸಕ್ಕೆ ಬಂದ ಒಡವೆಯಿಂದ ಹರಳು ಬಿದ್ದರೆ, ಅದನ್ನು ಮುಟ್ಟುವ ಮೊದಲು ಒಡವೆಯ ಯಜಮಾನರನ್ನು ಕರೆಸಬೇಕು. ಒರೆಸಬಾರದು, ಕೆರೆಯಬಾರದು, ಬಿದ್ದದ್ದು ಬಿದ್ದ ಹಾಗೇ ತೋರಿಸಬೇಕು. ಆಮೇಲೆ ಅವರ ಕಣ್ಣೆದುರಿಗೆ ಹರಳನ್ನು ಮೆದು ಅರಗಿನ ಮೇಲೆ ಒತ್ತಿ ಅಚ್ಚು ತೆಗೆದು ಅವರ ಕೈಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಅವರು ಅಚ್ಚಿಗೆ ಹೊಂದಿಸಿ ನೋಡಿ, ನಮ್ಮ ಕಲ್ಲೇ ಸರಿ ಎಂದು ಒಯ್ಯುತ್ತಾರೆ. ಕಲ್ಲು ಬದಲಾಯಿಸಿದ ಎಂಬ ಮಾತು ಅಪ್ಪನ ಮೇಲೆ ಒಂದು ದಿನವೂ ಬರಲಿಲ್ಲ.

ಹಾಗಾಗಿ ಬಟ್ಟಲನ್ನು ಹಾಗೇ ಎತ್ತಿಕೊಂಡು ಹಿತ್ತಲಿಗೆ ಹೋದೆ. ಜೂನ್ ತಿಂಗಳ ಸಂಜೆ, ಇನ್ನೂ ಒಳ್ಳೆ ಬಿಸಿಲು. ಟೀಚರನ್ನು ಕೂಗಿದೆ. ಗೋಡೆಯ ಮೇಲೆ ಬಟ್ಟಲಿಟ್ಟು ಹಿಂದೆ ಬಂದು, ನನ್ನಿಂದ ಹೀಗಾಯಿತು, ನನಗೆ ಗೊತ್ತಿರಬೇಕಾಗಿತ್ತು, ತಪ್ಪು ನನ್ನದೇ ಎಂದೆ. ಅವರು ಬಟ್ಟಲೊಳಗೆ ಬಗ್ಗಿ ನೋಡಿದರು.

"ಕಲ್ಲಿಗೇನಾದ್ರೂ ಆಯ್ತಾ?"

"ಇಲ್ಲ."

"ಹಂಗಾದ್ರೆ ಇನ್ನೂ ನಮ್ಮಜ್ಜಿಗೇನೂ ಆಗಿಲ್ಲ," ಎಂದರು.

ಅವರ ದನಿ ಮಾತ್ರ ಸಣ್ಣಗಾಗಿತ್ತು. ನಾಳೆ ಬೆಳಗ್ಗೆ ಇದೇ ಗೋಡೆಯ ಹತ್ತಿರ ನಿಮ್ಮೆದುರಿಗೇ ಅಚ್ಚು ತೆಗೆಯುತ್ತೇನೆ, ಅಲ್ಲಿಯವರೆಗೆ ಕಲ್ಲು ನಿಮ್ಮ ಹತ್ತಿರವೇ ಇರಲಿ, ಆ ಕೆಂಪು ನೀರು ಬಸಿದುಬಿಡಿ, ಒರೆಸಬೇಡಿ ಎಂದು ಹೇಳಿ ಬಂದೆ.

ಅಪ್ಪ ಕೊಟ್ಟ ಸಣ್ಣ ಮರದ ಪೆಟ್ಟಿಗೆ ನನ್ನ ಬೀರುವಿನ ಮೇಲಿತ್ತು. ಅದರಲ್ಲಿ ಚಿಮಟ, ಎರಡು ಉಳಿ, ಒಂದು ಕಡ್ಡಿ ಅರಗು. ಬೆಳಗ್ಗೆ ದೇವರ ಮುಂದಿನ ಎಣ್ಣೆ ದೀಪವನ್ನೇ ಹಿತ್ತಲಿಗೆ ಒಯ್ದೆ, ನಮ್ಮ ಮನೆಯಲ್ಲಿ ಒಲೆ ಕರೆಂಟಿನದು, ಬೆಂಕಿ ಅನ್ನುವುದು ದೇವರ ಹತ್ತಿರ ಮಾತ್ರ. ಗಾಳಿಗೆ ಅದು ಮೂರು ಸಲ ಆರಿತು. ಕಿಟಕಿಯಿಂದ ಮಗಳು, ಮಮ್ಮಿ, ವಾಟ್ ಆರ್ ಯೂ ಅಟ್, ಲೈಕ್ ಎಂದು ಕಾರ್ಕಿನ ಇಂಗ್ಲಿಷಿನಲ್ಲಿ, ಏನು ಮಾಡುತ್ತಿದ್ದೀಯ ಅಂತ ಕೂಗಿದಳು. ಪೂಜೆ ಮಾಡುತ್ತಿದ್ದೀನಿ ಎಂದೆ. ಅದೇನೂ ಸುಳ್ಳಲ್ಲ.

ಅರಗು ಮೆದುವಾಗಿ ಜೇನಿನ ಹಾಗೆ ಇಳಿದಾಗ ಒಂದು ಹಳೆಯ ನಾಣ್ಯದ ಮೇಲೆ ಬೊಟ್ಟಿನಷ್ಟು ಹಾಕಿದೆ. ಕಲ್ಲು ಅರಗಿಗೆ ಅಂಟಿಕೊಳ್ಳದ ಹಾಗೆ ಅದರ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಡಬೇಕು. ಊರಿಗೆ ಊರೇ ಉಸಿರಿಗೆ ಹೆದರಿ ಕೂತಿದ್ದ ಕಾಲ. ಟೀಚರಿಗೆ ಹೇಳಿದೆ, ಇದನ್ನು ಮಾಡಲೇಬೇಕು, ಆಮೇಲೆ ಮೂರು ದಿನ ಕಲ್ಲನ್ನು ಮುಟ್ಟದೆ ಬಿಸಿಲಿನಲ್ಲಿಡಿ. ಅವರು ಮಾಡು ಎಂದು ತಲೆಯಾಡಿಸಿದರು. ಮಾಸ್ಕು ಇಳಿಸಿ ಉಸಿರು ಬಿಟ್ಟು, ಒತ್ತಿ, ಹತ್ತು ಎಣಿಸಿ, ಚಿಮಟದಿಂದ ಎತ್ತಿದೆ. ಕಲ್ಲು ಚೊಕ್ಕವಾಗಿ ಎದ್ದು ಬಂತು. ಅಚ್ಚನ್ನು ಗೋಡೆಯ ಮೇಲಿಟ್ಟು, ಕಟ್ಟಳೆಯ ಪ್ರಕಾರ ನಾನು ನೋಡದೆ ಹಿಂದೆ ಬಂದೆ. ಮೊದಲು ನೋಡಬೇಕಾದವರು ಯಜಮಾನರು.

ಟೀಚರು ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಗಾಬರಿಯಾಗಿ ಏನಾಯಿತು ಎಂದೆ.

"ಪಾದದ ಹತ್ರ," ಎಂದರು. "ಆ ಗುಬುಟು ಐತೆ."

ನಾನು ಎರಡು ಮೀಟರ್ ಅನ್ನುವುದನ್ನು ಮರೆತು ಗೋಡೆಗೆ ಹೋಗಿಬಿಟ್ಟೆ. ಇತ್ತು. ದೇವಿಯ ಪಾದದ ಪಕ್ಕ, ಅಂಚಿನಲ್ಲಿ, ಸಾಸಿವೆಯಷ್ಟು. ಕಲ್ಲನ್ನು ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಗುಳಿ. ತಗಡು ಕೆಲಸದ ಅಜ್ಜ ಕಲ್ಲು ಕೂರಿಸುವಾಗ ಹೆಂಡತಿಯ ಉಂಗುರದಲ್ಲಿ ಊನ ಕಾಣಬಾರದು ಎಂದು ಆ ಗುಳಿಗೆ ಕೆಂಪು ಅರಗು ತುಂಬಿ, ಅಂಚಿನ ಸಮಕ್ಕೆ ತೀಡಿ, ಕಲ್ಲಿನ ಬಣ್ಣದಲ್ಲೇ ಮುಚ್ಚಿದ್ದರು. ಎಂಥ ಕೈ ಆ ಮನುಷ್ಯನದು ಅಂತ ಈಗಲೂ ಅನ್ನಿಸುತ್ತದೆ, ಫೋಟೋದಲ್ಲಿ ಮ್ಯೂಸಿಯಂನವರ ಕಣ್ಣಿಗೇ ಕಂಡಿರಲಿಲ್ಲ. ಪ್ರೀತಿಯಿಂದ ಅವರು ಮುಚ್ಚಿದ್ದೇ ಹೆಂಡತಿಯನ್ನು ಮತ್ತೊಮ್ಮೆ ಕಳ್ಳಿ ಮಾಡಿತ್ತು. ನನ್ನ ದಡ್ಡತನದಿಂದ ಅದು ಕಳಚಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ನಡೆದದ್ದನ್ನೂ ನನ್ನ ಸಲಕರಣೆಗಳನ್ನೂ ಬರೆದು ಕಳಿಸಿದ ಅಚ್ಚಿನ ಫೋಟೋ ನೋಡಿ ಹುಡುಗಿ ಕುಣಿದಾಡಿದಳು, ಆದರೆ ಇಂಗ್ಲೆಂಡಿನಿಂದ ಬಂದ ಉತ್ತರ ಬೇರೆಯೇ ಇತ್ತು. ಮೊದಲು ಇಲ್ಲದ ಚಕ್ಕೆ ಈಗ ಹೇಗೆ ಬಂತು, ಪಕ್ಕದ ಮನೆಯ ಹೆಂಗಸು ಕಲ್ಲನ್ನು ಕಳಚಿದ್ದಾಳೆ, ಅವಳ ಹತ್ತಿರ ಉಳಿಯೂ ಇದೆ ಎಂದು ಬರೆದಿದ್ದರು. ಅಂದರೆ ಈಗ ಕಳ್ಳರ ಸಾಲಿಗೆ ನಾನೂ ಸೇರಿದೆ. ನಗರತಪೇಟೆಯ ಅಂಗಡಿಯ ಮೇಲೆ ಬಾರದ ಮಾತು ಬ್ಯಾಲಿನ್‌ಕೊಲಿಗ್‌ನಲ್ಲಿ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ಇಂಗ್ಲಿಷಿನಲ್ಲಿ ಬೈಯುವುದು ನನಗೆ ಸರಿಯಾಗಿ ಬರುವುದಿಲ್ಲ, ಬಂದಿದ್ದರೆ ಅವತ್ತು ಒಂದು ಉತ್ತರ ಹೋಗಿರುತ್ತಿತ್ತು. ಬದಲಿಗೆ ಹುಡುಗಿಗೆ ಒಂದೇ ಮಾತು ಬರೆದೆ. ಗುಳಿಯನ್ನು ನಾನು ತೊಳೆದಿಲ್ಲ, ಸೂಜಿಯನ್ನೂ ತಾಗಿಸಿಲ್ಲ, ಅದರ ತಳದಲ್ಲಿ ಹಳೆಯ ಅರಗು ಹಾಗೇ ಇದೆ, ಬಂದು ನಿಮ್ಮ ಕಣ್ಣಿಂದ ನೋಡಿ.

ಜುಲೈನಲ್ಲಿ ಓಡಾಟಕ್ಕೆ ಬಿಟ್ಟ ಮೇಲೆ ಅವಳು ಬಂದಳು. ಮಾಸ್ಕು, ಕೈಗವಸು, ಒಂದು ಪುಟ್ಟ ಮೈಕ್ರೋಸ್ಕೋಪು. ಟೀಚರ ಹಿತ್ತಲಿನಲ್ಲಿ ಮೇಜು ಹಾಕಿ ಕೂತಳು, ಟೀಚರು ಬಾಗಿಲಲ್ಲಿ, ನಾನು ಗೋಡೆಯ ಈಚೆ. ಮುಕ್ಕಾಲು ಗಂಟೆ ಅವಳು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಒಂದು ಸಲ ಮಾತ್ರ ಬಾಯಿ ಹಾಕಿದೆ. ಈಗಿನ ಏಟಾಗಿದ್ದರೆ ಗುಳಿಯ ಬಾಯಿ ಚೂಪಾಗಿರುತ್ತದೆ, ಸವೆದಿದೆಯೋ ಇಲ್ಲವೋ ನೋಡಿ ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಎಲ್ಲಿ ಕಲಿತಿರಿ ಎಂದು ಕೇಳಿದಳು. ಈ ದೇಶದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದ ಮೊಟ್ಟಮೊದಲನೆಯವಳು ಅವಳೇ. ನಮ್ಮಪ್ಪನ ಹತ್ತಿರ ಎಂದೆ. ಕೇಳದಿದ್ದರೂ ನಗರತಪೇಟೆ ಎಂದೂ ಸೇರಿಸಿದೆ.

ಗುಳಿಯ ಬಾಯಿ ನುಣ್ಣಗೆ ಸವೆದಿತ್ತು. ತಳದಲ್ಲಿ ಹಳೆಯ ಅರಗು ಒಣಗಿ ಬಿರಿದಿತ್ತು. ಒಡತಿಯ ಕ್ರಿಸ್ಮಸ್ ಕಾಗದವನ್ನು ಅವಳು ಗಾಜಿನ ಹಾಳೆಗಳ ನಡುವೆ ಇಟ್ಟು ತಂದಿದ್ದಳು. ಅದರ ಮುದ್ರೆಯನ್ನೂ ನನ್ನ ಅಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಳು. ಅಳೆದು, ಬರೆದುಕೊಂಡು, ಕೈಗವಸು ಬಿಚ್ಚಿ, ಇದೇ ಕಲ್ಲು ಎಂದಳು. ಟೀಚರು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು, ಹಾಗೇ ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ಹೋಗಿ ಭುಜ ಹಿಡಿಯೋಣ ಅನ್ನಿಸಿತು. ಹಿಡಿಯುವ ಹಾಗಿರಲಿಲ್ಲ, ಗೋಡೆಯ ಈಚೆಯೇ ನಿಂತಿದ್ದೆ.

ಅವಳ ವರದಿ ಹೋದ ಮೇಲೆ ಇಂಗ್ಲೆಂಡಿನವರು ತಕರಾರು ತೆಗೆಯಲಿಲ್ಲ. ಕಲ್ಲು ಟೀಚರದೇ ಎಂದು ಬರೆದುಕೊಟ್ಟರು, ವಿಷಾದ ಎಂದೂ ಒಂದು ಪದ ಹಾಕಿದ್ದರು. ಆ ಪದ ಇನ್ನೂ ಸ್ವಲ್ಪ ದೊಡ್ಡದಾಗಿರಬಹುದಿತ್ತು ಎಂದರು ಟೀಚರು, ಅಷ್ಟೆ. ತಮ್ಮ ಕಾಲ ಮುಗಿದ ಮೇಲೆ ಹರಳು ಮ್ಯೂಸಿಯಂಗೆ ಹೋಗಲಿ ಎಂದು ಅವರೇ ಬರೆಸಿದರು, ಅಲ್ಲಿಯವರೆಗೆ ತಮ್ಮ ಬೆರಳಲ್ಲೇ ಇರಬೇಕು ಎಂದರು. ನಾನು ಅದನ್ನು ಅಜ್ಜನ ಬೆಳ್ಳಿಯಲ್ಲೇ ಮತ್ತೆ ಅರಗಿನಲ್ಲಿ ಕೂರಿಸಿಕೊಟ್ಟೆ. ಗುಳಿಯನ್ನು ಮುಚ್ಚಲಿಲ್ಲ. ಅವರು ಅಚ್ಚು ಹಿಡಿದು ಹೊಂದಿಸಿ ನೋಡಿ, ನಮ್ಮದೇ ಎಂದು ಹೇಳಿಯೇ ತೆಗೆದುಕೊಂಡರು.

ಸೆಪ್ಟೆಂಬರಿನಲ್ಲಿ ಪುಸ್ತಕದ ಆ ಪುಟ ಮಾತ್ರ ತಿದ್ದುಪಡಿ ನೋಡಲು ಟಪಾಲಿನಲ್ಲಿ ಬಂತು. ಅಂದು ಬೆಳಗ್ಗೆ ಟೀಚರು ಗೋಡೆಯ ಹತ್ತಿರ ಬಂದಾಗ ಒಳ್ಳೆಯ ಕೋಟು ಹಾಕಿದ್ದರು, ತಲೆ ಬಾಚಿದ್ದರು. ಹಾಳೆಯನ್ನು ಗೋಡೆಯ ಮೇಲಿಟ್ಟು ಓದು ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು, ಓದಿಕೊಂಡೂ ಇದ್ದರು. ನೀವೇ ಓದಬಹುದಲ್ಲ ಎಂದೆ.

"ಆ ಹೆಸರನ್ನ ನಾನು ಬೇರೆಯವರ ಬಾಯಲ್ಲಿ ಕೇಳಿರೋದೆಲ್ಲ ಕಳ್ಳಿ ಅನ್ನೋದರ ಜೊತೆಗೇ," ಎಂದರು. "ಒಂದ್ಸಲ ಬರೀ ಹೆಸರು ಕೇಳ್ಬೇಕು."

ಓದಿದೆ. ಹೆಸರು ಗೊತ್ತಿಲ್ಲದ ರೋಮನ್, ಮಣ್ಣು, ದ್ರಾಕ್ಷಿ ತೋಟ, ಧರ್ಮಗುರು, ಸಾಹೇಬ, ಸಾಹೇಬನ ಮೊಮ್ಮಗ, ಒಡತಿ. ಒಡತಿಯ ನಂತರದ ಸಾಲು ಹೀಗಿತ್ತು: ಆಕೆಯಿಂದ ಉಡುಗೊರೆಯಾಗಿ ಪಡೆದವರು. ಅದರ ಮುಂದೆ ಆ ಹೆಸರು, ಹೆಸರಿನ ಮುಂದೆ ಲಾಂಡ್ರಿ ಕೆಲಸದವರು ಎಂದು. ಲಾಂಡ್ರಿ ಅನ್ನುವುದನ್ನು ತೆಗೆಸಬೇಕಾ ಎಂದು ಹುಡುಗಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕೇಳಿದ್ದಳು. ಇರಲಿ, ಅದು ಇರಲೇಬೇಕು ಎಂದರು ಟೀಚರು. ಆಮೇಲೆ ಹೆಸರನ್ನು ಇನ್ನೊಮ್ಮೆ ಓದು ಎಂದರು. ಆಚೆ ಮನೆಯವನು ಬಟ್ಟೆ ಒಣಗಿಸಲು ಹಿತ್ತಲಿಗೆ ಬಂದಿದ್ದ. ಅವನಿಗೂ ಕೇಳಲಿ ಎಂದು ನಾನು ದನಿ ಏರಿಸಿದೆ. ಟೀಚರು ಗೋಡೆಯ ಮೇಲೆ ಎರಡೂ ಕೈ ಊರಿ, ತರಗತಿಯಲ್ಲಿ ಪಾಠ ಒಪ್ಪಿಸುವುದನ್ನು ಕೇಳಿಸಿಕೊಳ್ಳುವ ಹಾಗೆ ನೆಟ್ಟಗೆ ನಿಂತಿದ್ದರು. ಮೂರನೆಯ ಸಲ ಅವರು ಹೇಳದೆಯೇ ಓದಿದೆ.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಹಾಕಿಲ್ಲ, ನನ್ನದನ್ನೂ ಹಾಕಿಲ್ಲ. ಆ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಅದು ಇರಬೇಕಾದ ಪುಟದಲ್ಲಿ, ಒಡತಿಯ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇದೆ.